ಚೀಟಿಯ ಮೇಲಿನ ಎರಡನೇ ಪದ: ಗಿಡ, ಹಕ್ಕಿಗಳ ಲ್ಯಾಟಿನ್ ಹೆಸರು ಓದುವ ಬಗೆ

ಸಾಗರದ ಹತ್ತಿರ ನಮ್ಮದೊಂದು ನರ್ಸರಿ ಇದೆ. ಅಡಿಕೆ, ಕಾಳುಮೆಣಸು, ಜಾಯಿಕಾಯಿ ಸಸಿಗಳಿಂದ ಹೊಟ್ಟೆಪಾಡು. ಕಾಡುಗಿಡಗಳನ್ನು ಬೆಳೆಸುವುದು ಪ್ರೀತಿಗೆ. ಶುರು ಮಾಡಿದ ಎರಡನೇ ಮಳೆಗಾಲದಲ್ಲಿ ಪಕ್ಕದ ಊರಿನ ನಾಟಿ ವೈದ್ಯರೊಬ್ಬರು ಆಳಿನ ಕೈಲಿ ಚೀಟಿ ಕಳಿಸಿದ್ದರು. 'ಅಶೋಕ, 10 ಗಿಡ' ಅಂತ ಅದರಲ್ಲಿತ್ತು. ನನಗೆ ಆಗ ಗೊತ್ತಿದ್ದ ಅಶೋಕ ಒಂದೇ, ಕಾಂಪೌಂಡಿನ ಸುತ್ತ ಕಂಬದ ಹಾಗೆ ನೆಟ್ಟಗೆ ಬೆಳೆಯುತ್ತದಲ್ಲ, ಅದು. ಹತ್ತು ಸಸಿ ಎಣಿಸಿ ಕೊಟ್ಟೆ. ವಾರದ ಮೇಲೆ ಅವರೇ ಬಂದರು. ಬೈಯಲಿಲ್ಲ. "ತಂಗೀ, ಔಷಧಿಗೆ ಇದರ ತೊಗಟೆ ಬರೋದಿಲ್ಲ, ಬೇಕಾದದ್ದು ಸೀತೆಯ ಅಶೋಕ" ಎಂದು ಹೇಳಿ, ಅದೇ ಚೀಟಿಯ ಹಿಂದೆ ಎರಡು ಪದ ಬರೆದುಕೊಟ್ಟರು. ಸರಾಕಾ ಅಸೋಕಾ. ನಾನು ಕೊಟ್ಟಿದ್ದ ಗಿಡದ ಹೆಸರನ್ನೂ ಕೆಳಗೆ ಬರೆದರು. ಪಾಲಿಯಾಲ್ತಿಯಾ ಲಾಂಗಿಫೋಲಿಯಾ.

ಮನೆಯಲ್ಲಿದ್ದ ನಿಘಂಟು ತೆಗೆದು ಅವತ್ತು ರಾತ್ರಿ ಹುಡುಕಿದೆ. ಲಾಂಗಸ್ ಎಂದರೆ ಉದ್ದ, ಫೋಲಿಯಮ್ ಎಂದರೆ ಎಲೆ. ಬೆಳಿಗ್ಗೆ ಎದ್ದು ಗಿಡದ ಹತ್ತಿರ ಹೋದೆ. ಅಂಚು ಅಲೆ ಅಲೆಯಾಗಿರುವ ಗೇಣುದ್ದದ ಎಲೆ, ಒಂದೊಂದೇ. ಹೆಸರು ಗಿಡದ ಮೇಲೇ ಬರೆದಿಟ್ಟ ಹಾಗಿತ್ತು, ನಾನು ಓದಿರಲಿಲ್ಲ ಅಷ್ಟೆ. ನಿಜವಾದ ಅಶೋಕದ ಎಲೆಯೇ ಬೇರೆ: ಒಂದೇ ಕಡ್ಡಿಗೆ ಜೋಡಿ ಜೋಡಿಯಾಗಿ ಹಲವು ಎಲೆ, ಚಿಗುರು ಬಟ್ಟೆಯಂತೆ ಜೋತುಬಿದ್ದಿರುತ್ತದೆ, ಹೂವು ಕಿತ್ತಳೆ ಬಣ್ಣದಿಂದ ಕೆಂಪಿಗೆ ತಿರುಗುತ್ತದೆ. ಅವತ್ತಿನಿಂದ ನಮ್ಮಲ್ಲಿ ಲ್ಯಾಟಿನ್ ಹೆಸರಿಲ್ಲದ ಚೀಟಿ ಯಾವ ಗಿಡಕ್ಕೂ ಇಲ್ಲ. ನಾನು ಈ ಹೆಸರುಗಳನ್ನು ಓದಲು ಕಲಿತ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲ್ಯಾಟಿನ್ ಭಾಷೆ ಕಲಿಯಬೇಕಾಗಿಲ್ಲ. ನಲವತ್ತು ಐವತ್ತು ಬೇರುಪದ ಕೈವಶವಾದರೆ ನಮ್ಮ ಹಿತ್ತಲು, ಬೆಟ್ಟ, ಕಾನು ಎಲ್ಲದಕ್ಕೂ ಸಾಕಾಗುತ್ತದೆ.

ಮೊದಲು ಹೆಸರಿನ ಕಟ್ಟಡ ತಿಳಿಯಿರಿ. ಎರಡು ಪದ ಇರುತ್ತವೆ. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಕುಲದೊಳಗೆ ಇದು ಯಾವುದು ಎಂದು ಗುರುತು ಹೇಳುವ ಪದ. ನಾವು 'ಬಿಳಿ ದಾಸವಾಳ' ಎನ್ನುವುದನ್ನು ಅವರು 'ದಾಸವಾಳ ಬಿಳಿ' ಎಂದು ತಿರುಗಿಸಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಈ ಪದ್ಧತಿಯನ್ನು ಗಿಡಗಳಿಗೆಲ್ಲ 1753ರಲ್ಲಿ, ಪ್ರಾಣಿಗಳಿಗೆ 1758ರಲ್ಲಿ ಒಂದೇ ಸಮನೆ ಬಳಸಿದ. ಅಲ್ಲಿಯವರೆಗೆ ಒಂದು ಗಿಡದ ಹೆಸರೆಂದರೆ ಒಂದು ಸಾಲು ವರ್ಣನೆ. ಬರೆಯುವಾಗ ಮೊದಲ ಪದದ ಮೊದಲ ಅಕ್ಷರ ದೊಡ್ಡದು, ಎರಡನೇ ಪದ ಪೂರ್ತಿ ಚಿಕ್ಕಕ್ಷರ. ಅಚ್ಚಿನಲ್ಲಾದರೆ ಓರೆ, ಕೈಬರಹದಲ್ಲಾದರೆ ಕೆಳಗೊಂದು ಗೆರೆ.

ಉಚ್ಚಾರಣೆಗೆ ಹೆದರಬೇಡಿ. ಒಬ್ಬರು ಪೈಪರ್ ನೈಗ್ರಮ್ ಎನ್ನುತ್ತಾರೆ, ಇನ್ನೊಬ್ಬರು ಪಿಪೆರ್ ನಿಗ್ರುಮ್ ಎನ್ನುತ್ತಾರೆ, ಎರಡೂ ನಡೆಯುತ್ತದೆ. ಬರೆದಂತೆ ಓದುವುದು ಕನ್ನಡದವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಲ್ಯಾಟಿನ್ನಿಗೆ ಇಂಗ್ಲಿಷಿನ ರೂಢಿಗಿಂತ ಅದೇ ಹೆಚ್ಚು ಹತ್ತಿರ.

ಇನ್ನು ಓದಲು ಕೂರುವಾಗ ಎರಡನೇ ಪದದಿಂದ ಶುರು ಮಾಡಿ. ಕುಲದ ಹೆಸರು ಎಷ್ಟೋ ಸಲ ಬಿಡಿಸಲಾಗದ ಗಂಟು. ಗುರುತಿನ ಪದ ಹಾಗಲ್ಲ, ಅದು ಸಾಮಾನ್ಯವಾಗಿ ಎಲೆ, ಹೂವು, ಬಣ್ಣ, ಊರು, ಉಪಯೋಗ ಇವುಗಳಲ್ಲಿ ಒಂದನ್ನು ಹೇಳುತ್ತದೆ. ಆ ಪದವನ್ನು ಬಾಯಲ್ಲಿ ಹಿಡಿದುಕೊಂಡು ಗಿಡದ ಹತ್ತಿರ ಹೋಗಿ. ಈ ಮಾತನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ, ಪುಸ್ತಕದಲ್ಲೇ ಮುಗಿಸಿದರೆ ಪದ ಮರೆತುಹೋಗುತ್ತದೆ, ಬೆರಳಿಗೆ ತಾಗಿದರೆ ಮರೆಯುವುದಿಲ್ಲ.

ಅಮೃತಬಳ್ಳಿಯಿಂದ ಶುರು ಮಾಡೋಣ, ಎಲ್ಲರ ಬೇಲಿಯಲ್ಲೂ ಇರುತ್ತದೆ. ಟೈನೋಸ್ಪೋರಾ ಕಾರ್ಡಿಫೋಲಿಯಾ. ಕಾರ್ಡಿ ಅಂದರೆ ಹೃದಯ, ಫೋಲಿಯಾ ನಿಮಗೆ ಈಗಾಗಲೇ ಗೊತ್ತು. ಒಂದು ಎಲೆ ಕಿತ್ತು ಅಂಗೈ ಮೇಲೆ ಇಡಿ. ತೊಟ್ಟು ಸೇರುವ ಜಾಗದಲ್ಲಿ ಎಲೆ ಒಳಕ್ಕೆ ಕಚ್ಚಿಕೊಂಡು ಎರಡು ಕಡೆ ದುಂಡಗೆ ಉಬ್ಬಿದೆ, ಕೆಳಗೆ ಚೂಪಾಗಿದೆ. ತೊಟ್ಟಿನ ಬುಡದಿಂದ ನರಗಳು ಕೈಬೆರಳಿನಂತೆ ಹರಡಿವೆ. ಹೃದಯದಾಕಾರ ಎಂದು ಒಮ್ಮೆ ಕಂಡಮೇಲೆ ಮುಂದೆ ಎಲ್ಲಿ ಕಾರ್ಡಿಫೋಲಿಯಾ, ಕಾರ್ಡೇಟಾ ಎಂದು ಓದಿದರೂ ಆ ಎಲೆಯೇ ಕಣ್ಣಿಗೆ ಬರುತ್ತದೆ.

ಎರಡನೆಯ ಪಾಠ ಹಲಸು. ಆರ್ಟೋಕಾರ್ಪಸ್ ಹೆಟೆರೋಫಿಲ್ಲಸ್. ಇಲ್ಲಿ ನಾಲ್ಕೂ ತುಂಡು ಗ್ರೀಕಿನವು: ಆರ್ಟೋಸ್ ರೊಟ್ಟಿ, ಕಾರ್ಪೋಸ್ ಹಣ್ಣು, ಹೆಟೆರೋಸ್ ಬೇರೆ ಬೇರೆ, ಫಿಲ್ಲಾನ್ ಎಲೆ. 'ಬೇರೆ ಬೇರೆ ಎಲೆಯ ರೊಟ್ಟಿಹಣ್ಣು.' ಲ್ಯಾಟಿನ್ ಹೆಸರು ಎಂದು ಕರೆಯುವುದರಲ್ಲಿ ಹೀಗೆ ಬಹಳಷ್ಟು ಗ್ರೀಕೇ, ಲ್ಯಾಟಿನ್ ಅಂಗಿ ಹಾಕಿಕೊಂಡಿರುತ್ತದೆ. ಒಮ್ಮೆ ಒಬ್ಬ ಗಿರಾಕಿ ಹಲಸಿನ ಸಸಿ ವಾಪಸು ತಂದರು. "ಎಲೆ ಸೀಳಿದೆ, ಇದು ಹಲಸೇ ಅಲ್ಲ" ಎಂದು ಅವರ ತಕರಾರು. ಅಪ್ಪಟ ಹಲಸೇ ಆಗಿತ್ತು. ಎಳೆಯ ಗಿಡದಲ್ಲಿ, ಜೋರಾಗಿ ಚಿಗುರುವ ಟೊಂಗೆಯಲ್ಲಿ ಕೆಲವು ಎಲೆ ಹೀಗೆ ಕವಲೊಡೆದು ಬರುತ್ತವೆ. ಮರ ದೊಡ್ಡದಾದಮೇಲೆ ನಮಗೆ ಪರಿಚಯವಿರುವ ನುಣುಪು ಅಂಚಿನ ಎಲೆ. ಹೆಸರಿಟ್ಟವರು ನೋಡಿದ್ದು ಈ ವ್ಯತ್ಯಾಸವನ್ನೇ. ಗಿರಾಕಿಗೆ ಚೀಟಿ ತೋರಿಸಿ ಪದ ಬಿಡಿಸಿ ಹೇಳಿದೆ, ಸಸಿಯನ್ನು ಖುಷಿಯಿಂದಲೇ ಹಿಂದಕ್ಕೆ ಒಯ್ದರು. ಹಲಸಿನ ಕಾಡಿನ ನೆಂಟ ಹೆಬ್ಬಲಸು, ಆರ್ಟೋಕಾರ್ಪಸ್ ಹಿರ್ಸುಟಸ್. ಹಿರ್ಸುಟಸ್ ಅಂದರೆ ರೋಮವುಳ್ಳದ್ದು. ಎಳೆಯ ಟೊಂಗೆಯನ್ನು ಕೆನ್ನೆಗೆ ಸವರಿಕೊಂಡು ನೋಡಿ, ನಿಘಂಟು ಬೇಡ.

ಗ್ರೀಕು, ಲ್ಯಾಟಿನ್ ಎರಡನ್ನೂ ಜೋಡಿಯಾಗಿಯೇ ಕಲಿಯುವುದು ಒಳ್ಳೆಯದು. ಎಲೆಗೆ ಫೋಲಿಯಮ್, ಫಿಲ್ಲಾನ್. ಹೂವಿಗೆ ಫ್ಲೋರಾ, ಆಂತಸ್. ಒಂದಕ್ಕೆ ಯೂನಿ, ಮೋನೋ. ಮುತ್ತುಗ ಬ್ಯೂಟಿಯಾ ಮೋನೋಸ್ಪರ್ಮಾ, ಅಂದರೆ ಒಂದೇ ಬೀಜದ್ದು. ಒಣಗಿದ ಕಾಯಿಯ ತುದಿ ಒಡೆದು ನೋಡಿದರೆ ಒಂದೇ ಚಪ್ಪಟೆ ಬೀಜ. ಕಡವೆ ರೂಸಾ ಯೂನಿಕಲರ್, ಒಂದೇ ಬಣ್ಣದ್ದು, ಚುಕ್ಕಿ ಜಿಂಕೆಯ ಪಕ್ಕ ನಿಂತರೆ ಯಾಕೆಂದು ತಿಳಿಯುತ್ತದೆ.

ಎಣಿಕೆಯ ಪದಗಳಿಗಂತೂ ನಮಗೆ ಅರ್ಧ ದಾರಿ ಮೊದಲೇ ಆಗಿದೆ. ಸಂಸ್ಕೃತಕ್ಕೆ ಈ ಭಾಷೆಗಳು ದೂರದ ದಾಯಾದಿಗಳು. ಬೈ ಅಂದರೆ ದ್ವಿ, ಟ್ರೈ ಅಂದರೆ ತ್ರಿ, ಪೆಂಟಾ ಅಂದರೆ ಪಂಚ, ಡೆಂಟ್ ಅಂದರೆ ದಂತ. ಐದು ಎಲೆಯ ಕಾಡುಗೆಣಸು ಡಯಾಸ್ಕೋರಿಯಾ ಪೆಂಟಾಫಿಲ್ಲಾ. ತೋಟದಲ್ಲಿ ಓಡಾಡಿ ಬಂದರೆ ಸೀರೆ ನೆರಿಗೆಗೆಲ್ಲ ಕಪ್ಪು ಸೂಜಿಯಂಥ ಬೀಜ ಅಂಟಿಕೊಳ್ಳುವ ಕಳೆಯೊಂದು ಇದೆಯಲ್ಲ, ಅದು ಬೈಡೆನ್ಸ್ ಪಿಲೋಸಾ. ಬೈಡೆನ್ಸ್ ಅಂದರೆ ಎರಡು ಹಲ್ಲಿನದು. ಒಂದು ಬೀಜ ಕಿತ್ತು ಬೆಳಕಿಗೆ ಹಿಡಿಯಿರಿ, ತುದಿಯಲ್ಲಿ ಎರಡೋ ಮೂರೋ ಮುಳ್ಳುಹಲ್ಲು ಕಾಣುತ್ತದೆ.

ಇನ್ನೊಂದು ತುಂಡು ತುಂಬ ಉಪಯೋಗದ್ದು: ಫೆರಾ. ಹೊತ್ತಿರುವುದು, ಬಿಡುವುದು ಎಂದರ್ಥ. ಮಾವು ಮ್ಯಾಂಜಿಫೆರಾ, 'ಮಾಂಗಾ' ಬಿಡುವ ಮರ. ಮೊದಲ ತುಂಡು ನಮ್ಮ ದ್ರಾವಿಡ ಮಾತೇ. ತೆಂಗು ಕೋಕೋಸ್ ನ್ಯೂಸಿಫೆರಾ, ಕಾಯಿ ಬಿಡುವುದು. ತಾವರೆಯೂ ನ್ಯೂಸಿಫೆರಾ, ನೆಲಂಬೋ ನ್ಯೂಸಿಫೆರಾ! ಇದು ತಿಳಿದ ದಿನ ನಾನು ಕೆರೆಗೆ ಹೋಗಿ ಒಣಗಿದ ತಾವರೆಯ ಕಾಯಿ ತಂದು ಅಲ್ಲಾಡಿಸಿದ್ದೆ. ಒಳಗೆ ಗಟ್ಟಿ ಬೀಜಗಳು ಗಿಲಿಗಿಲಿ ಎಂದವು. ನಾವು ಹೂವನ್ನೇ ನೋಡಿ ನೋಡಿ ಕಾಯಿಯನ್ನು ಮರೆತಿರುತ್ತೇವೆ, ಹೆಸರು ನೆನಪಿಸುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನ್ನೊಣ ಏಪಿಸ್ ಮೆಲ್ಲಿಫೆರಾ, ಜೇನು ಹೊರುವುದು. ಹೊರುವುದು ಮಕರಂದವನ್ನು, ಜೇನು ಆಗುವುದು ಗೂಡಿನಲ್ಲಿ ಎಂದು ಲಿನೇಯಸ್‌ಗೆ ಆಮೇಲೆ ಹೊಳೆದು, 1761ರಲ್ಲಿ ಮೆಲ್ಲಿಫಿಕಾ, ಅಂದರೆ ಜೇನು ಮಾಡುವುದು ಎಂದು ತಿದ್ದಿದ. ಆದರೆ ಮೊದಲಿಟ್ಟ ಹೆಸರಿಗೇ ಹಕ್ಕು ಎಂಬುದು ನಿಯಮ, ಹಳೆಯದೇ ಉಳಿಯಿತು. ಮೆಲ್ ಎಂಬ ಜೇನಿನ ಪದ ನಮ್ಮ ಕರಡಿಯ ಹೆಸರಿನಲ್ಲೂ ಇದೆ. ಮೆಲರ್ಸಸ್, ಜೇನುಕರಡಿ.

ಪದದ ಬಾಲ ನೋಡುವುದು ಮುಂದಿನ ಹೆಜ್ಜೆ. ಅಣ್ಣನ ಮಗಳು ರಜೆಗೆ ಬಂದಾಗ ಚೀಟಿ ಬರೆಯಲು ಕೂರುತ್ತಾಳೆ. ಹೋದ ವರ್ಷ ಬರೆಯುತ್ತ ಬರೆಯುತ್ತ ಪೆನ್ಸಿಲ್ ಕೆಳಗಿಟ್ಟು ಕೇಳಿದಳು:

"ಅತ್ತೆ, ಭತ್ತಕ್ಕೆ ಸಟೈವಾ, ಸೌತೆಗೆ ಸಟೈವಸ್, ಕೊತ್ತಂಬರಿಗೆ ಸಟೈವಮ್. ಯಾವುದು ಸರಿ?"

"ಮೂರೂ ಸರಿ ಮಾರಾಯ್ತಿ. ಸಂಸ್ಕೃತದಲ್ಲಿ ಸುಂದರಃ, ಸುಂದರೀ, ಸುಂದರಂ ಅಂತ ಕಲಿತಿದ್ದೀಯಲ್ಲ?"

ಅವಳಿಗೆ ಅಷ್ಟೇ ಸಾಕಾಯಿತು. ಕುಲದ ಹೆಸರಿನ ಲಿಂಗ ಯಾವುದೋ ಗುರುತಿನ ಪದವೂ ಆ ಲಿಂಗಕ್ಕೆ ಬಾಲ ಬದಲಿಸುತ್ತದೆ. ಸಟೈವಾ ಅಂದರೆ ಬಿತ್ತಿ ಬೆಳೆದದ್ದು. ಒರೈಜಾ ಸ್ತ್ರೀಲಿಂಗ, ಕುಕುಮಿಸ್ ಪುಲ್ಲಿಂಗ, ಕೋರಿಯಾಂಡ್ರಮ್ ನಪುಂಸಕ. ಹಾಗೇ ಬಿಳಿ ಎಂಬುದು ಆಲ್ಬಸ್, ಆಲ್ಬಾ, ಆಲ್ಬಮ್. ಶ್ರೀಗಂಧ ಸಾಂಟಾಲಮ್ ಆಲ್ಬಮ್. ಒಂದು ಕಡೆ ಎಡವುತ್ತೀರಿ, ಅದನ್ನು ಮೊದಲೇ ಹೇಳುತ್ತೇನೆ. ಲ್ಯಾಟಿನ್ನಿನಲ್ಲಿ ಮರಗಳ ಹೆಸರು ಸಾಮಾನ್ಯವಾಗಿ ಸ್ತ್ರೀಲಿಂಗ, ಕೊನೆಗೆ 'ಅಸ್' ಇದ್ದರೂ. ಅದಕ್ಕೇ ಅಶ್ವತ್ಥ ಫೈಕಸ್ ರಿಲಿಜಿಯೋಸಾ, ರಿಲಿಜಿಯೋಸಸ್ ಅಲ್ಲ. ಹುಣಸೆ ಟ್ಯಾಮರಿಂಡಸ್ ಇಂಡಿಕಾ. ಹಲಸಿನ ಕಾರ್ಪಸ್ ಗ್ರೀಕಿನಿಂದ ಬಂದ ಪುಲ್ಲಿಂಗ, ಹಾಗಾಗಿ ಅಲ್ಲಿ ಹೆಟೆರೋಫಿಲ್ಲಸ್. ನನ್ನ ಕಂಬದ ಅಶೋಕವನ್ನು ವಿಜ್ಞಾನಿಗಳು ಈಚೆಗೆ ಪಾಲಿಯಾಲ್ತಿಯಾದಿಂದ ಮೋನೂನ್ ಎಂಬ ಕುಲಕ್ಕೆ ಸೇರಿಸಿದ್ದಾರೆ. ಮೋನೂನ್ ನಪುಂಸಕ, ಆದ್ದರಿಂದ ಲಾಂಗಿಫೋಲಿಯಾ ಹೋಗಿ ಲಾಂಗಿಫೋಲಿಯಮ್ ಆಯಿತು. ಗಿಡದ ಎಲೆ ಮಾತ್ರ ಅಷ್ಟೇ ಉದ್ದ. ಕುಲ ಬದಲಾದಾಗ ಸಾಮಾನ್ಯವಾಗಿ ಹೀಗೆ ಗುರುತಿನ ಪದ ಉಳಿದುಕೊಳ್ಳುತ್ತದೆ. ಎರಡನೇ ಪದವನ್ನು ಗಟ್ಟಿ ಹಿಡಿಯಿರಿ ಎಂದು ನಾನು ಹೇಳಲು ಅದೂ ಒಂದು ಕಾರಣ.

ಬಾಲ 'ಎನ್ಸಿಸ್' ಎಂದಿದ್ದರೆ ಅದು ಊರು. ಬೆಂಗಾಲೆನ್ಸಿಸ್ ಆಲದ ಮರ, ಬಂಗಾಳದ್ದು. ಸೈನೆನ್ಸಿಸ್ ಚೀನಾದ್ದು, ಚಹಾಕ್ಕೂ ಇದೆ ದಾಸವಾಳಕ್ಕೂ ಇದೆ. ದಾಸವಾಳ ರೋಸಾ-ಸೈನೆನ್ಸಿಸ್, ಚೀನಾದ ಗುಲಾಬಿ. ನಾಗಲಿಂಗ ಪುಷ್ಪದ ಸಸಿ ಕೇಳಿ ದೇವಸ್ಥಾನದವರು ಬರುತ್ತಾರೆ. ಅದರ ಚೀಟಿಯಲ್ಲಿ ಕೌರೌಪಿಟಾ ಗಯಾನೆನ್ಸಿಸ್ ಎಂದಿರುತ್ತದೆ, ದಕ್ಷಿಣ ಅಮೆರಿಕದ ಗಯಾನಾ ಸೀಮೆಯದು. ಅಷ್ಟು ದೂರದಿಂದ ಬಂದ ಹೂವಿನಲ್ಲಿ ನಮ್ಮವರು ಹೆಡೆ ಬಿಚ್ಚಿದ ನಾಗನನ್ನೂ ಲಿಂಗವನ್ನೂ ಕಂಡರಲ್ಲ ಎಂದು ನನಗೆ ಆ ಮರದ ಮೇಲೆ ಇನ್ನಷ್ಟು ಅಕ್ಕರೆ. ವ್ಯಕ್ತಿಯ ಹೆಸರಾದರೆ ಬಾಲದಲ್ಲಿ ಗಂಡಸಿಗೆ 'ಇ', ಹೆಂಗಸಿಗೆ 'ಎ' ಬರುತ್ತದೆ. ಕುಲದ ಹೆಸರೂ ವ್ಯಕ್ತಿಯದಾಗಬಹುದು, ಮುರುಗಲಿನ ಗಾರ್ಸೀನಿಯಾ ಲಾರೆಂಟ್ ಗಾರ್ಸಿನ್ ಎಂಬವನ ನೆನಪಿಗೆ ಇಟ್ಟದ್ದು. ಇಂಥವನ್ನು ಗಿಡದಲ್ಲಿ ಹುಡುಕಲು ಹೋಗಬೇಡಿ.

ಉಪಯೋಗ ಹೇಳುವ ಪದಗಳಲ್ಲಿ 'ಅಫಿಸಿನೇಲ್' ಕಂಡರೆ ಔಷಧಿ ಅಂಗಡಿಯಲ್ಲಿ ಇಡುತ್ತಿದ್ದ ಸರಕು ಎಂದು ತಿಳಿಯಿರಿ, ಶುಂಠಿ ಜಿಂಜಿಬರ್ ಅಫಿಸಿನೇಲ್. ನನಗೆ ಬಹಳ ಇಷ್ಟವಾದದ್ದು ಹಾಲೆಮರದ ಹೆಸರು, ಆಲ್ಸ್ಟೋನಿಯಾ ಸ್ಕೊಲಾರಿಸ್. ಸ್ಕೊಲಾರಿಸ್ ಅಂದರೆ ಶಾಲೆಗೆ ಸೇರಿದ್ದು. ಅದರ ಹಗುರ ಮರದಿಂದ ಮಕ್ಕಳ ಬರೆಯುವ ಹಲಗೆ ಮಾಡುತ್ತಿದ್ದರು. ಎಚ್ಚರಿಕೆ ಹೇಳುವ ಪದಗಳೂ ಇವೆ. ಬೈನೆ ಮರ ಕ್ಯಾರಿಯೋಟಾ ಯುರೆನ್ಸ್. ಯುರೆನ್ಸ್ ಅಂದರೆ ಉರಿಸುವುದು. ಬೀಜಕ್ಕೆಂದು ಅದರ ಹಣ್ಣು ತಿಕ್ಕಿ ತೊಳೆದ ನಮ್ಮ ಕೆಲಸದಾಕೆಯ ಕೈ ಎರಡು ದಿನ ತುರಿಸಿತ್ತು. ಹಣ್ಣಿನ ತಿರುಳಿನಲ್ಲಿ ಸೂಜಿಯಂಥ ಹರಳುಗಳು ಇರುತ್ತವೆ. ಹೆಸರು ಓದಿದ್ದರೆ ಕೈಗವಸು ಕೊಟ್ಟಿರುತ್ತಿದ್ದೆ. ಈಗ ಕೊಡುತ್ತೇನೆ.

ಹೆಸರನ್ನು ಕಣ್ಣು ಮುಚ್ಚಿ ನಂಬಲೂ ಬಾರದು. ಇದು ಕಲಿಯುವವರು ಸಾಮಾನ್ಯವಾಗಿ ಬಿಡುವ ಹೆಜ್ಜೆ. ಕಾಫಿಯಾ ಅರೇಬಿಕಾ ಅರಬರ ದೇಶದ್ದಲ್ಲ, ಇಥಿಯೋಪಿಯಾದ್ದು. ಯುರೋಪಿನವರ ಕೈಗೆ ಅರೇಬಿಯಾದ ಮೂಲಕ ಸಿಕ್ಕಿತು. ನಮ್ಮ ಆನೆ ಎಲಿಫಾಸ್ ಮ್ಯಾಕ್ಸಿಮಸ್, ಎಲ್ಲಕ್ಕಿಂತ ದೊಡ್ಡದು ಎಂದು. ಆಫ್ರಿಕದ ಆನೆ ಅದಕ್ಕಿಂತ ದೊಡ್ಡದು, ಅದಕ್ಕೆ ಪ್ರತ್ಯೇಕ ಹೆಸರು ಬಂದದ್ದು ಆಮೇಲೆ. ಇನ್ನು ಟ್ರಿಸ್ಟಿಸ್ ನೋಡಿ. ದುಃಖ ಎಂದು ಅರ್ಥ. ಪಾರಿಜಾತ ನಿಕ್ಟಾಂತೆಸ್ ಆರ್ಬರ್-ಟ್ರಿಸ್ಟಿಸ್: ರಾತ್ರಿಯ ಹೂವು, ದುಃಖದ ಮರ. ಬೆಳಗಾಗುವಷ್ಟರಲ್ಲಿ ಹೂವೆಲ್ಲ ಉದುರಿಸಿ ಬೋಳಾಗಿ ನಿಂತ ಮರವನ್ನು ನೋಡಿದವರಿಗೆ ಒಪ್ಪುವ ಹೆಸರು. ಆದರೆ ಗೊರವಂಕವೂ ಅಕ್ರಿಡೋಥೆರೆಸ್ ಟ್ರಿಸ್ಟಿಸ್. ಅಷ್ಟು ಗಲಾಟೆಯ ಹಕ್ಕಿಗೆ ಎಲ್ಲಿಯ ದುಃಖ? ಹಕ್ಕಿಗಳ ಹೆಸರಿನಲ್ಲಿ ಟ್ರಿಸ್ಟಿಸ್ ಮಂಕು ಬಣ್ಣಕ್ಕೂ ಬರುತ್ತದೆ, ಇದರ ಮೈ ಕಂದು. ಒಂದೇ ಬೇರು ಎರಡು ಕಡೆ ಎರಡು ಅರ್ಥ ಕೊಟ್ಟಾಗ ಗಿಡವೋ ಹಕ್ಕಿಯೋ, ಎದುರಿಗಿರುವುದನ್ನು ನೋಡಿಯೇ ತೀರ್ಮಾನಿಸಬೇಕು. ಮೊದಲ ಪದವೂ ಗಮನಿಸಿ: ಅಕ್ರಿಡೋಥೆರೆಸ್ ಅಂದರೆ ಮಿಡತೆ ಹಿಡಿಯುವುದು. ಗದ್ದೆ ಕೊಯ್ಲಿನಲ್ಲಿ ಅದು ಮಾಡುವ ಕೆಲಸ ಅದೇ ತಾನೆ.

ಕನ್ನಡದ ಹೆಸರನ್ನು ಪಕ್ಕದಲ್ಲಿಟ್ಟು ಓದಿದರೆ ಇನ್ನೂ ಸೊಗಸು. ದನದ ಬೆನ್ನ ಹಿಂದೆ ನಡೆಯುವ ಬೆಳ್ಳಕ್ಕಿಯನ್ನು ನಾವು ಗೋವಕ್ಕಿ ಎನ್ನುತ್ತೇವೆ. ಅದರ ಕುಲಕ್ಕೆ ಬಹುಕಾಲದಿಂದ ಪುಸ್ತಕಗಳಲ್ಲಿರುವ ಹೆಸರು ಬುಬುಲ್ಕಸ್, ಲ್ಯಾಟಿನ್ನಿನಲ್ಲಿ ದನ ಹೊಡೆಯುವವನು. ಒಬ್ಬರನ್ನೊಬ್ಬರು ಕಾಣದ ಜನ ಒಂದೇ ದೃಶ್ಯ ನೋಡಿ ಇಟ್ಟ ಹೆಸರುಗಳಿವು. ಅಡಿಕೆಯಂತೂ ನಮ್ಮ ಕರಾವಳಿಯಿಂದಲೇ ಹೋದ ಪದ. ಅಡಿಕೆ, ಅಡಕ್ಕ ಎಂದು ಇಲ್ಲಿ ಕೇಳಿದ್ದನ್ನು ಪೋರ್ಚುಗೀಸರು ಅರೆಕ ಮಾಡಿಕೊಂಡರು, ಅದು ಅರೆಕಾ ಕ್ಯಾಟೆಚು ಆಗಿ ಕೂತಿತು. ಕ್ಯಾಟೆಚು ಅಂದರೆ ಕಾಚು. ಒಂದು ಮರದ ಹೆಸರಿನಲ್ಲೇ ಅರ್ಧ ಕವಳದ ತಟ್ಟೆ ಇದೆ. ಉಳಿದರ್ಧ ವೀಳ್ಯದೆಲೆ, ಪೈಪರ್ ಬೀಟ್ಲ್. ಅದರ ಪೈಪರ್ ನಮ್ಮ ಪಿಪ್ಪಲಿಯಿಂದ, ಬೀಟ್ಲ್ ಮಲಯಾಳದ ವೆಟ್ಟಿಲದಿಂದ.

ಕಲಿತದ್ದನ್ನು ಬರೆದಿಡಲು ಒಂದು ನೋಟ್‌ಬುಕ್ ಮಾಡಿಕೊಳ್ಳಿ, ಆದರೆ ಗಿಡಕ್ಕೊಂದು ಪುಟ ಮಾಡಬೇಡಿ, ಬೇರುಪದಕ್ಕೊಂದು ಪುಟ ಮಾಡಿ. ನನ್ನದರಲ್ಲಿ 'ಎಲೆ' ಪುಟದಲ್ಲಿ ಅಮೃತಬಳ್ಳಿ, ಹಲಸು, ಕಂಬದ ಅಶೋಕ, ಕಾಡುಗೆಣಸು ಒಟ್ಟಿಗಿವೆ, ಪಕ್ಕದಲ್ಲಿ ಒತ್ತಿ ಒಣಗಿಸಿದ ಎಲೆ. ದಿನಕ್ಕೆ ಒಂದೇ ಪದ ಸಾಕು. ಹೊರಗಿಡುವ ಗಿಡದ ಚೀಟಿಗೆ ಮಾರ್ಕರ್ ಬೇಡ, ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಅಳಿಸುತ್ತದೆ. ಪೆನ್ಸಿಲ್ ಉಳಿಯುತ್ತದೆ, ಅದಕ್ಕಿಂತ ಅಲ್ಯೂಮಿನಿಯಂ ತಗಡಿನ ಪಟ್ಟಿಯ ಮೇಲೆ ಮೊಳೆಯಿಂದ ಒತ್ತಿ ಬರೆದದ್ದು ಗಟ್ಟಿ. ಚೀಟಿಯನ್ನು ಸಸಿಯ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟದೆ ಮಣ್ಣಿಗೆ ಚುಚ್ಚಿ, ಗಿಡ ನೆಲಕ್ಕೆ ಇಳಿದಾಗ ಹೆಸರೂ ಜೊತೆಗೆ ಇಳಿಯಲಿ.

ಅಣ್ಣನ ಮಗಳಿಗೆ ಈ ಸಲ ಎರಡು ಹೆಸರು ಬಿಡಿಸಲು ಕೊಟ್ಟೆ. ಒಂದು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಸೆಮೆ ಗುರುತು, ಕಾರ್ಪಸ್ ಹಣ್ಣು ಎಂದು ಕೂಡಲೇ ಹೇಳಿದಳು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಕುಲ. ಎನ್ಸಿಸ್ ಊರು. "ಹಾಗಾದರೆ ಕತ್ತಲೆಕಾನು... ನಮ್ಮ ಹೊನ್ನಾವರದ ದಾರಿಯದ್ದೇ?" ಹೌದು, ಜೋಗ ದಾಟಿ ಘಟ್ಟ ಇಳಿಯುವ ದಾರಿಯ ಆ ಕತ್ತಲೆಕಾನೇ. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ, ಅಂದರೆ ಕಾಡುಜಾಯಿಕಾಯಿ ಮರಗಳ ಜೌಗಿನಲ್ಲಿ, ಸಿಕ್ಕ ಮರಕ್ಕೆ 2000ದಲ್ಲಿ ಇಟ್ಟ ಹೆಸರು. ಇನ್ನೊಂದು ನಿಕ್ಟಿಬಟ್ರಾಕಸ್ ಕುಂಬಾರ. ಪಾರಿಜಾತದ ನಿಕ್ಟ್ ಅವಳಿಗೆ ನೆನಪಿತ್ತು, ರಾತ್ರಿ. ಬಟ್ರಾಕಸ್ ಕಪ್ಪೆ ಎಂದು ನಾನು ಹೇಳಿದೆ. ಕೊನೆಯ ಪದಕ್ಕೆ ನಿಘಂಟು ತಿರುವಿ ಹಾಕಿದಳು, ಸಿಗಲಿಲ್ಲ. ಗಟ್ಟಿಯಾಗಿ ಓದು ಎಂದೆ. ಓದಿದಳು, ನಕ್ಕಳು. 2014ರಲ್ಲಿ ಹೆಸರು ಪಡೆದ ಆ ಗಂಡು ಕಪ್ಪೆ ಕಡ್ಡಿಗೆ ಅಂಟಿದ ಮೊಟ್ಟೆಗಳಿಗೆ ಮುಂಗೈಯಿಂದ ಕೆಸರು ಮೆತ್ತುತ್ತದೆ. ಈ ಜೂನಿನಲ್ಲಿ ಮಳೆ ಹಿಡಿದಮೇಲೆ ಟಾರ್ಚು ಹಿಡಿದು ಹಳ್ಳದ ದಂಡೆಗೆ ಹೋಗಿ ನೋಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.